ತಲೆ ವಾಲಿದ ನಾಯಿ, ಕಿವಿ ಜೋತ ಹಸು: ತೊಂದರೆ ಎಲ್ಲಿದೆ ಅಂತ ಹೇಗೆ ಹಿಡಿಯುತ್ತೀರಿ?

ಕೇಳಿದವರು, ಹೊಸ ಪಶುವೈದ್ಯೆ:
ತಾಲ್ಲೂಕು ಪಶು ಆಸ್ಪತ್ರೆಗೆ ಬಂದು ಐದು ತಿಂಗಳಾಯಿತು. ತಲೆಯ 12 ಜೊತೆ ನರಗಳ ಹೆಸರು ಬಾಯಿಪಾಠ ಇದೆ. ಆದರೆ ಪ್ರಾಣಿ ಎದುರಿಗೆ ನಿಂತರೆ ಎಲ್ಲಿಂದ ಶುರು ಮಾಡಲಿ ಅಂತ ತೋಚುವುದಿಲ್ಲ. ನಿನ್ನೆ ಒಂದು ಮುದಿ ಲ್ಯಾಬ್ರಡಾರ್ ತಲೆ ಬಲಕ್ಕೆ ವಾಲಿಸಿಕೊಂಡು ತೂರಾಡುತ್ತಾ ಬಂತು. ಲಕ್ವ ಹೊಡೆದಿದೆ ಅಂತ ಮನೆಯವರು ಅಳುತ್ತಿದ್ದರು. ಇಲ್ಲಿ ಎಂಆರ್‌ಐ ಇಲ್ಲ. ನೀವೆಲ್ಲ ಬರೀ ಕೈ, ಟಾರ್ಚ್ ಇಟ್ಟುಕೊಂಡು ಹೇಗೆ ಪತ್ತೆ ಮಾಡುತ್ತೀರಿ?

ಹಾಲಿನ ಸೀಮೆಯ ಪಶುವೈದ್ಯ:
ಮೇಡಂ, ಯಾವ ರೋಗ ಅಂತ ಆಮೇಲೆ ಯೋಚಿಸಿ. ಮೊದಲು ಎಲ್ಲಿ ಅಂತ ಕೇಳಿಕೊಳ್ಳಿ. ನರಗಳ ಹೆಸರಿಗಿಂತ ಅವು ಹೊರಡುವ ಜಾಗ ಮುಖ್ಯ. 1, 2 ಮುಂಮೆದುಳಿನವು. 3, 4 ನಡುಮೆದುಳು. 5 ಪಾನ್ಸ್, ಅಂದರೆ ನಡುಮೆದುಳಿನ ಹಿಂದಿನ ಭಾಗ. 6ರಿಂದ 12 ಹೆಚ್ಚುಕಡಿಮೆ ಮೆಡುಲ್ಲಾ, ಅಂದರೆ ಬೆನ್ನುಹುರಿಗೆ ಸೇರುವ ಭಾಗ. ಒಂದೇ ಮಗ್ಗುಲಿನ ಎರಡು ಮೂರು ನರ ಒಟ್ಟಿಗೆ ಕೈಕೊಟ್ಟು, ಪ್ರಾಣಿ ಮಂಕೂ ಆಗಿದ್ದರೆ ನನಗೆ ಬ್ರೈನ್‌ಸ್ಟೆಮ್ (ನಡುಮೆದುಳಿನಿಂದ ಮೆಡುಲ್ಲಾವರೆಗಿನ ಮೆದುಳಿನ ಕಾಂಡ) ಮೇಲೆಯೇ ಅನುಮಾನ.

ಒಂದು ಎಚ್‌ಎಫ್ (ಹೋಲ್‌ಸ್ಟೀನ್ ತಳಿಯ) ಹಸು ನೋಡಿದ್ದು ಹೇಳುತ್ತೇನೆ. ಎಡಗಿವಿ ಜೋತಿತ್ತು. ಎಡ ಕೆನ್ನೆಯೊಳಗೆ ಅಗಿದ ಮೇವು ಉಂಡೆಯಾಗಿ ಕೂತಿತ್ತು. ಎಡಗಣ್ಣಿನ ರೆಪ್ಪೆ ಮುಟ್ಟಿದರೆ ಮುಚ್ಚುತ್ತಿರಲಿಲ್ಲ. ಮುಟ್ಟಿದ್ದು ಗೊತ್ತಾಗುವುದು 5ರಿಂದ, ಮುಚ್ಚುವುದು 7ರಿಂದ. ಕೆಟ್ಟಿರುವುದು ಯಾವುದು? ಒಂದು ಹುಲ್ಲುಕಡ್ಡಿ ತಗೊಂಡು ಮೂಗಿನ ಹೊಳ್ಳೆಯೊಳಗೆ ತಾಗಿಸಿದೆ. ಬಲಕ್ಕೆ ತಾಗಿಸಿದಾಗ ತಲೆ ಕೊಸರಿತು. ಎಡಕ್ಕೆ ತಾಗಿಸಿದರೆ ಸುಮ್ನೆ ನಿಂತಿತ್ತು. ಅಂದರೆ ಕಿವಿ, ಕೆನ್ನೆ ಆಡಿಸುವ 7ರ ಜೊತೆ 5 ಕೂಡ ಹೋಗಿದೆ. ತಲೆ ಎಡಕ್ಕೇ ವಾಲಿತ್ತು, ಎಡಕ್ಕೇ ಸುತ್ತುತ್ತಿತ್ತು. ಅದು 8, ಸಮತೋಲದ ನರ. ಮೇಲೆ ಜ್ವರ, ಮಂಕು. ಏನು ಹಾಕ್ತೀರಿ ಅಂದೆ. ಯಜಮಾನರು ಸೈಲೇಜ್ (ಹುದುಗಿಸಿದ ಹಸಿ ಮೇವು) ಚೀಲ ತೋರಿಸಿದರು. ಬಾಯಿ ಬಿಚ್ಚಿ ತುಂಬಾ ದಿನವಾಗಿ ಅಂಚಿಗೆಲ್ಲ ಬೂಷ್ಟು ಹಿಡಿದಿತ್ತು. ಕೆಟ್ಟ ಸೈಲೇಜಿನಲ್ಲಿ ಬೆಳೆಯುವ ಲಿಸ್ಟೀರಿಯಾ ಅಂದುಕೊಂಡೇ ಪೆನ್ಸಿಲಿನ್ ಜಾಸ್ತಿ ಡೋಸಿನಲ್ಲಿ ಶುರು ಮಾಡಿದೆ. ಆ ಬ್ಯಾಕ್ಟೀರಿಯಾ ಬಾಯಿಯ ಗಾಯದಿಂದ 5ನೇ ನರ ಹಿಡಿದೇ ಮೆದುಳಿಗೆ ಹತ್ತುತ್ತದೆ. ಹಸು ಬದುಕಿತು. ಕಿವಿ ಇವತ್ತಿಗೂ ಸ್ವಲ್ಪ ಜೋತೇ ಇದೆ.

ಬೆಂಗಳೂರಿನ ನಾಯಿ ಬೆಕ್ಕು ವೈದ್ಯೆ:
ನಿಮ್ಮ ಲ್ಯಾಬ್ರಡಾರ್ ವಿಷಯಕ್ಕೆ ಬರುತ್ತೇನೆ. ತಲೆ ವಾಲಿದ್ದರೆ 8ನೇ ನರದ ದಾರಿ. ಒಳಕಿವಿಯೋ, ಮೆದುಳೋ ಅನ್ನೋದಷ್ಟೇ ಪ್ರಶ್ನೆ. ಹೊಟ್ಟೆ ಕೆಳಗೆ ಕೈಕೊಟ್ಟು ಭಾರ ಹಿಡಿದುಕೊಳ್ಳಿ. ಒಂದೊಂದೇ ಪಾದ ಮಡಚಿ, ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಡಿ. ತಕ್ಷಣ ಸರಿ ಮಾಡಿಕೊಂಡರೆ ಒಳಕಿವಿ ಇರಬಹುದು. ಹಾಗೇ ಬಿಟ್ಟರೆ ಮೆದುಳು. ಕಣ್ಣುಗುಡ್ಡೆ ಮೇಲೆ ಕೆಳಗೆ ಕುಣಿದರೂ ಮೆದುಳೇ ಅಂತ ಎಚ್ಚರವಾಗಿರಿ. ಅಡ್ಡಡ್ಡ ಕುಣಿದರೆ, ಜೋರಾಗಿ ಎಳೆಯುವುದು ಸಾಮಾನ್ಯವಾಗಿ ಸರಿ ಇರುವ ಕಡೆಗೆ. ಮುಖ ಜೋತಿದೆ, ಪಾಪೆ ಚಿಕ್ಕದಾಗಿದೆ ಅಂತ ಗಾಬರಿ ಬೇಡ. 7ನೇ ನರವೂ ಕಣ್ಣಿಗೆ ಹೋಗಿ ಪಾಪೆ ಹಿಗ್ಗಿಸುವ ಸಿಂಪಥೆಟಿಕ್ ನರವೂ ನಡುಗಿವಿಯ ಬಳಿಯೇ ಹಾಯುತ್ತವೆ. ಕಿವಿ ಸೋಂಕಿಗೂ ಹೀಗಾಗುತ್ತದೆ.

ಒಂದು ಸಲ ಮೋಸಹೋಗಿದ್ದೆ. ತಲೆ ಎಡಕ್ಕೆ ವಾಲಿತ್ತು, ಮಡಚಿಟ್ಟರೆ ಹಾಗೇ ಬಿಡುತ್ತಿದ್ದದ್ದು ಬಲಗಡೆಯ ಪಾದಗಳನ್ನು. ಕಿರುಮೆದುಳಿನಲ್ಲಿ ತೊಂದರೆ ಇದ್ದಾಗ ತಲೆ ಎದುರು ಕಡೆಗೆ ವಾಲಬಹುದು. ಆಗ ತೊಂದರೆ ಯಾವ ಕಡೆ ಅನ್ನೋದಕ್ಕೆ ಪಾದವನ್ನೇ ನಂಬಿ.

ಕುರಿ ಮೇಕೆ ಜಾಸ್ತಿ ನೋಡುವವರು:
ಮೇಕೆ ಕಣ್ಣು ಕಾಣದೆ ಗೋಡೆಗೆ ಹಣೆ ಒತ್ತಿ ನಿಂತಿದ್ದರೆ ಟಾರ್ಚ್ ಬಿಡಿ. ಪಾಪೆ ಕುಗ್ಗಿದರೆ 2, 3ನೇ ನರ ಸರಿ ಇವೆ, ತೊಂದರೆ ಇರುವುದು ಮೆದುಳಿನ ಹೊರಪದರದಲ್ಲಿ. ಧಾನ್ಯ ಜಾಸ್ತಿ ತಿಂದ ಮೇಕೆಯಾದರೆ ಕಾಯದೆ ಥಯಮಿನ್ (ಬಿ1 ವಿಟಮಿನ್) ಚುಚ್ಚಿ. ಇನ್ನೊಂದು: ಕೈ ಬೀಸಿದರೆ ಕಣ್ಣು ಮಿಟುಕಿಸುವುದು ಕಲಿತು ಬರುವಂಥದ್ದು. ನಾಯಿಮರಿಗೆ ಅದು ಬರೋಕೆ 10-12 ವಾರ ಬೇಕು. ಅದಕ್ಕೆ ಮುಂಚೆ ಕುರುಡು ಅನ್ನಬೇಡಿ.

ಇನ್ನೊಬ್ಬ ಹಿರಿಯ ಪಶುವೈದ್ಯ:
ತಂಗಿ, ಇದೆಲ್ಲ ಮಾಡೋಕೆ ಮುಂಚೆ ಗ್ಲೌಸ್ ಹಾಕಮ್ಮ. ಕೆಳದವಡೆ ಜೋತು, ಬಾಯಿ ಮುಚ್ಚಲಾಗದ ನಾಯಿ ಬಂದರೆ, ಎರಡೂ ಕಡೆಯ 5ನೇ ನರದ ಉರಿಯೂತ, ತಾನೇ ವಾಸಿಯಾಗುತ್ತದೆ ಅಂತ ಓದಿರುತ್ತೀಯ. ನಮ್ಮ ಊರುಗಳಲ್ಲಿ ಮೊದಲು ರೇಬೀಸ್ ಅಂದುಕೋ. ಹಸುವಿಗೂ ಅಷ್ಟೇ. "ಗಂಟಲಲ್ಲಿ ಏನೋ ಸಿಕ್ಕೊಂಡಿದೆ ಡಾಕ್ಟ್ರೇ, ನೀರು ಕುಡೀತಿಲ್ಲ" ಅಂತ ಕರೆದರು. ನಾನು ಹೋಗುವಷ್ಟರಲ್ಲಿ ಮನೆಯವರೆಲ್ಲ ಬಾಯಿಗೆ ಕೈ ಹಾಕಿ ಹುಡುಕಿದ್ದರು. ನಾನೂ ಬರಿಗೈ ಹಾಕಿದೆ. ಎರಡು ದಿನಕ್ಕೆ ಹಸು ಸತ್ತಿತು. ಲ್ಯಾಬಿನಿಂದ ರೇಬೀಸ್ ಅಂತ ಬಂತು. ಆ ಮನೆಯ ಆರು ಜನರ ಜೊತೆ ನಾನೂ ಲಸಿಕೆಗೆ ಸಾಲಿನಲ್ಲಿ ನಿಂತೆ. ಅವರಲ್ಲಿ ಒಂದು ಚಿಕ್ಕ ಮಗು ಇತ್ತು. ನೀನು ಮುಂಚಿತವಾಗಿ ಹಾಕಿಸಿಕೊಳ್ಳುವ ಲಸಿಕೆ ತಗೊಂಡಿದ್ದೀಯಾ?

ಕೇಳಿದವರು:
ತಗೊಂಡಿರಲಿಲ್ಲ ಸರ್. ಇವತ್ತು ಮಧ್ಯಾಹ್ನ ಮೊದಲ ಡೋಸ್ ಹಾಕಿಸಿಕೊಂಡೆ. ಬೆಳಗ್ಗೆ ಲ್ಯಾಬ್ರಡಾರ್‌ನ ಮತ್ತೆ ಕರೆಸಿದ್ದೆ. ನಾಲ್ಕೂ ಪಾದ ಮಡಚಿದೆ, ಥಟ್ಟನೆ ತಿರುಗಿಸಿಕೊಂಡಿತು. ಕಣ್ಣು ಅಡ್ಡಡ್ಡ, ಎಳೆತ ಎಡಕ್ಕೆ. ಕಿವಿಯಲ್ಲಿ ಕೀವಿಲ್ಲ, ಮುಖ ಸರಿಯಾಗಿದೆ, ಚುರುಕಾಗಿದೆ. ಮುದಿ ನಾಯಿಗಳಿಗೆ ಬರುವ ಒಳಕಿವಿಯ ತೊಂದರೆ ಇರಬೇಕು, ಲಕ್ವ ಥರ ಕಾಣುತ್ತಿಲ್ಲ ಅಂತ ಹೇಳಿ ವಾಂತಿಗೆ ಔಷಧಿ ಕೊಟ್ಟೆ. ಮೂರು ದಿನ ಬಿಟ್ಟು ಮತ್ತೆ ಪಾದ ಮಡಚಿ ನೋಡುತ್ತೇನೆ.