ಅಪ್‌ಡೇಟ್: ಈಸ್ಟರ್ ಮೊಟ್ಟೆಗೆ ಕೊನೆಗೂ ಬಣ್ಣ ಹಿಡಿಯಿತು!

ಈಸ್ಟರ್ ಅಲಂಕಾರಕ್ಕೆ ಮಕ್ಕಳು ಬಣ್ಣ ಹಾಕಿದ ಬೇಯಿಸಿದ ಮೊಟ್ಟೆ ಮಂಕಾಗಿಯೇ ಉಳಿಯುತ್ತದೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ವಿನೆಗರ್ ಹಾಕಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅದೇ ಕೆಲಸ ಮಾಡಿತು. ಅರ್ಧ ಲೋಟ ಬಿಸಿನೀರು, ಒಂದು ಚಮಚ ವಿನೆಗರ್, ಹತ್ತಿಪ್ಪತ್ತು ಹನಿ ಫುಡ್ ಕಲರ್. 5 ನಿಮಿಷಕ್ಕೇ ಗಾಢ ಬಣ್ಣ! ವಿನೆಗರ್‌ನ ಹುಳಿಗೆ ಚಿಪ್ಪಿನ ಮೇಲ್ಪದರ ಸ್ವಲ್ಪ ಕರಗುತ್ತದೆ, ಆಗ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಹಸಿ ಮೊಟ್ಟೆಗೆ ತೂತು ಮಾಡಿ ಊದಿ ಖಾಲಿ ಮಾಡುವುದು ಮಾತ್ರ ಚಿಕ್ಕವರ ಕೈಲಿ ಆಗಲಿಲ್ಲ. ಮೂರು ಒಡೆದವು.

ಆಶ್ಚರ್ಯ ಅಂದ್ರೆ ನೇರಳೆ ಎಲೆಕೋಸು. ಕುದಿಸಿ ಸೋಸಿದ ನೀರಿಗೆ ವಿನೆಗರ್ ಸೇರಿಸಿ, ಬಿಳಿ ಮೊಟ್ಟೆ ಮುಳುಗಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆವು. ನೀರು ನೇರಳೆ, ಮೊಟ್ಟೆ ನೀಲಿ! ಒದ್ದೆ ಇರುವಾಗಲೇ ಮಗಳು ಎತ್ತಿಕೊಂಡಳು. ಅವಳ ಪುಟ್ಟ ಬೆರಳಿನ ಗುರುತು ಅದರ ಮೇಲೆ ಹಾಗೇ ಇದೆ.