ನಾರ್ವೆ ಕರಾವಳಿ ಹಡಗು: ಚಿಕ್ಕ ಊರುಗಳಲ್ಲಿ ಇಳಿಯೋಕೆ ಟೈಮ್ ಸಿಗುತ್ತಾ?

ತಿರುಗಾಲತಿಪ್ಪ:
ಎಲ್ರಿಗೂ ನಮಸ್ಕಾರ. ಮುಂದಿನ ವರ್ಷ ನಾನು, ನಮ್ಮಮ್ಮ ನಾರ್ವೆಗೆ ಹೊರಟಿದೀವಿ, ಬರ್ಗೆನ್ನಿಂದ ಕಿರ್ಕೆನೆಸ್‌ವರೆಗೂ ದಡ ಹಿಡ್ಕೊಂಡು ಹೋಗೋ ಹುರ್ಟಿಗ್ರುಟೆನ್ ಹಡಗಲ್ಲಿ. ದಾರೀಲಿ 34 ಬಂದರು ಅಂತ ಓದಿ ಕುಣಿದಾಡ್ಬಿಟ್ಟೆ, ಆಮೇಲೆ ಟೈಮ್‌ಟೇಬಲ್ ನೋಡಿದ್ರೆ ಎಷ್ಟೋ ಊರಲ್ಲಿ ಕಾಲು ಗಂಟೆ ನಿಂತ್ರೆ ಹೆಚ್ಚು, ಕೆಲವಂತೂ ನಡುರಾತ್ರಿ. ನಮಗೆ ಸಿಟಿ ಬೇಡ, ಮೀನುಗಾರರ ಪುಟ್ಟ ಊರುಗಳೇ ಬೇಕು. ಬರೀ ಹೋಗೋದಕ್ಕೆ ಟಿಕೆಟ್ ತಗೊಂಡ್ರೆ ಸಾಕಾ, ವಾಪಸ್ಸೂ ಹಡಗಲ್ಲೇ ಬರ್ಬೇಕಾ? ಇನ್ನೊಂದು, ಅಮ್ಮಂಗೆ ಬಸ್ಸಲ್ಲೇ ವಾಂತಿ ಬರುತ್ತೆ.

ಕಡಲಕಾಗೆ:
ನಾವು ಅಕ್ಟೋಬರಲ್ಲಿ ಹೋಗಿದ್ವಿ. ಮೊದಲು ಇದು ಕ್ರೂಸ್ ಅನ್ನೋದನ್ನ ತಲೆಯಿಂದ ತೆಗೀರಿ, ನೀರಿನ ಮೇಲೆ ಓಡೋ ರೂಟ್ ಬಸ್ ಅಂದ್ಕೊಳ್ಳಿ. 1893ರಲ್ಲಿ ಶುರುವಾಗಿದ್ದೇ ಟಪಾಲು, ಸಾಮಾನು, ಜನರನ್ನ ಸಾಗ್ಸೋಕೆ, ಸಾಮಾನು, ಜನರನ್ನ ಸಾಗ್ಸೋ ಕೆಲಸ ಈಗ್ಲೂ ನಡೀತಿದೆ. ಹಾಗಾಗಿ ಹಡಗು ನಿಲ್ಲೋದು ನಮಗೋಸ್ಕರ ಅಲ್ಲ, ಸಾಮಾನಿಗೋಸ್ಕರ. ಓರ್ನೆಸ್ ಅಂತ ಒಂದು ಊರು, ಹಿಂದೆ ಬೆಟ್ಟ, ಮುಂದೆ ನೀರು, ನಡುವೆ ನಾಕು ಮನೆ ಅನ್ನೋ ಹಾಗಿದೆ. ಹಡಗಿನ ಪಕ್ಕದ ಬಾಗಿಲು ತೆರೀತು, ಫೋರ್ಕ್‌ಲಿಫ್ಟ್ ಸರಸರ ಬಂತು, ಒಂದಷ್ಟು ಸರಕು ಇಳಿಸ್ತು, ಯಾರೋ ಒಬ್ರು ಸೈಕಲ್ ತಳ್ಕೊಂಡು ಹತ್ತಿದ್ರು, ಅಷ್ಟೇ, ಹೊರಟ್ವಿ. ನಾನು ಇಳೀಲೇ ಇಲ್ಲ, ಡೆಕ್ ಮೇಲಿಂದಾನೇ ನೋಡ್ದೆ, ನಿಜ ಹೇಳ್ಬೇಕಂದ್ರೆ ಇಡೀ ಪ್ರಯಾಣದಲ್ಲಿ ನೆನಪಿರೋದೂ ಅದೇ.

ವಾಪಸ್ಸೂ ಹಡಗಲ್ಲೇ ಬನ್ನಿ. ಹೋಗ್ತಾ ರಾತ್ರಿ ದಾಟಿದ ಎಷ್ಟೋ ಊರು ಬರ್ತಾ ಹಗಲಲ್ಲಿ ಸಿಗುತ್ತೆ. ಸ್ಟೊಕ್ಮಾರ್ಕ್‌ನೆಸ್ ಹಾಗೇನೇ. ಅಲ್ಲಿ 1956ರ ಹಳೇ ಹಡಗೊಂದನ್ನ ಇಡಿಯಾಗಿ ಗಾಜಿನ ಕಟ್ಟಡದೊಳಗೆ ಇಟ್ಟು ಮ್ಯೂಸಿಯಂ ಮಾಡಿದಾರೆ. ವಾರ್ಡೊದಲ್ಲೂ ಬರ್ತಾನೇ ಹಗಲು, 17ನೇ ಶತಮಾನದಲ್ಲಿ ಮಾಟಗಾತಿ ಅಂತ ಕೊಂದ 91 ಜನರ ಸ್ಮಾರಕ ಇದೆ, ಒಬ್ಬೊಬ್ಬರಿಗೂ ಒಂದೊಂದು ಕಿಟಕಿ, ಒಂದೊಂದು ಬಲ್ಬು. ನಾನು ಅಲ್ಲಿ ಮೈಮರೆತು ನಿಂತು ಕೊನೆಗೆ ಹಡಗಿಗೆ ಓಡಿದ್ದೇ ಓಡಿದ್ದು. ಹಡಗು ಯಾರಿಗೂ ಕಾಯಲ್ಲ, ನೆನಪಿರ್ಲಿ.

ಉಪ್ಪುನೀರು:
ವಾಂತಿ ವಿಷಯ. ದಾರಿ ಬಹುಪಾಲು ದ್ವೀಪಗಳ ಮರೆಯಲ್ಲೇ ಹೋಗುತ್ತೆ, ಕೆರೆ ಥರ ಇರುತ್ತೆ. ತೆರೆದ ಕಡಲು ಸಿಗೋ ಕೆಲವು ಜಾಗಕ್ಕೆ ಮಾತ್ರ ರೆಡಿ ಇರಿ, ಮುಖ್ಯವಾಗಿ: ಬರ್ಗೆನ್ ಬಿಟ್ಟ ಮೇಲೆ ಸ್ಟಾಡ್, ಕ್ರಿಸ್ಟಿಯಾನ್ಸುಂಡ್ ಹತ್ರದ ಹುಸ್ಟಾಡ್‌ವಿಕಾ, ಬೂಡೋ ಬಿಟ್ಟ ಮೇಲೆ ವೆಸ್ಟ್‌ಫ್ಯೋರ್ಡ್, ಆಮೇಲೆ ಹಾನಿಂಗ್ಸ್‌ವೋಗ್ ದಾಟಿ ಬಾರೆಂಟ್ಸ್ ಸಮುದ್ರ. ಡಾಕ್ಟರ್ ಹತ್ರ ಕೇಳಿ ಮಾತ್ರೆ ಇಟ್ಕೊಳ್ಳಿ, ತಲೆ ಸುತ್ತೋಕೆ ಶುರುವಾದ್ಮೇಲಲ್ಲ, ಅದಕ್ಕೂ ಮೊದಲೇ ನುಂಗ್ಬೇಕು. ಕ್ಯಾಬಿನ್ ಕೆಳಗಿನ ಡೆಕ್‌ನಲ್ಲಿ, ಹಡಗಿನ ಮಧ್ಯಭಾಗದಲ್ಲಿ ಕೇಳಿ. ಬಾಲ್ಕನಿ ಆಸೆಗೆ ತುದೀಲಿ ತಗೊಂಡ್ರೆ ತೊಟ್ಟಿಲು ಗ್ಯಾರಂಟಿ.

ನಿಧಾನಪ್ಪ:
ಎಲ್ಲರೂ ಪೂರ್ತಿ ಟ್ರಿಪ್ಪೇ ಅಂತೀರಲ್ಲ, ನಂಗೆ ಒಪ್ಪಿಗೆ ಇಲ್ಲ. ಪುಟ್ಟ ಊರು ನೋಡ್ಬೇಕಂದ್ರೆ ಅಲ್ಲಿ ರಾತ್ರಿ ಉಳೀಬೇಕು. ಬಂದರಿಂದ ಬಂದರಿಗೆ ಬಿಡಿ ಟಿಕೆಟ್ ಸಿಗುತ್ತೆ, ಕಮ್ಮಿ ದೂರ ಆದ್ರೆ ಕ್ಯಾಬಿನ್ನೂ ಬೇಕಾಗಿಲ್ಲ. ಬೂಡೋದಲ್ಲಿ ಮಧ್ಯಾಹ್ನ ಹತ್ತಿದ್ರೆ ಸುಮಾರು ಆರು ತಾಸಲ್ಲಿ ಲೊಫೋಟೆನ್ ದ್ವೀಪಗಳ ಸ್ವೋಲ್ವೇರ್ ಬರುತ್ತೆ. ದಿನಕ್ಕೊಂದು ಹಡಗು ಇದ್ದೇ ಇದೆ, 2021ರಿಂದ ಹಾವಿಲಾ ಅನ್ನೋ ಇನ್ನೊಂದು ಕಂಪನಿ ಹಡಗುಗಳೂ ಅದೇ ರೂಟಲ್ಲಿ ಓಡ್ತಿವೆ, ಆದ್ರೆ ಒಂದರ ಟಿಕೆಟ್ ಇನ್ನೊಂದಕ್ಕೆ ಆಗುತ್ತೆ ಅಂದ್ಕೊಂಡು ಹೋಗ್ಬೇಡಿ. ಫೋಟೋದಲ್ಲೆಲ್ಲ ನೋಡೋ ರೈನೆ ಊರಿಗೆ ಈ ಹಡಗು ಹೋಗಲ್ಲ, ಅದಕ್ಕೆ ಬೂಡೋದಿಂದ ಮೊಸ್ಕೆನೆಸ್‌ಗೆ ಬೇರೆ ಫೆರ್ರಿ. ಇದು ಗೊತ್ತಿಲ್ದೆ ನಾನು ಸ್ವೋಲ್ವೇರಲ್ಲಿ ಇಳಿದು ಪೇಚಾಡಿದ್ದೆ.

ತಿರುಗಾಲತಿಪ್ಪ:
ಥ್ಯಾಂಕ್ಸ್ ಎಲ್ರಿಗೂ. ಅಮ್ಮಂಗೆ ಓದಿ ಹೇಳ್ದೆ, ನಿಧಾನಪ್ಪನವರ ಮಾತೇ ಸರಿ ಅಂದ್ರು, ಲೊಫೋಟೆನ್‌ನಲ್ಲಿ ಮೂರು ದಿನ ಉಳಿದು ಮತ್ತೆ ಹಡಗು ಹಿಡೀತೀವಿ. ಮರದ ಅಟ್ಟಣಿಗೆ ಮೇಲೆ ಮೀನು ಒಣಹಾಕಿರ್ತಾರಲ್ಲ, ಅದು ಜುಲೈನಲ್ಲೂ ಇರುತ್ತಾ?

ನಿಧಾನಪ್ಪ:
ಜುಲೈಗೆ ಹೋದ್ರೆ ಖಾಲಿ ಅಟ್ಟಣಿಗೆ ನೋಡ್ಬೇಕಾಗುತ್ತೆ. ಚಳಿಗಾಲದ ಕೊನೇಲಿ ಕಾಡ್ ಮೀನು ಹಿಡಿದು ನೇತು ಹಾಕ್ತಾರೆ, ಜೂನ್ ಹೊತ್ತಿಗೆ ಇಳಿಸಿಬಿಡ್ತಾರೆ. ಏಪ್ರಿಲ್‌ಗೆ ಹೋಗಿ, ವಾಸನೆ ಮಾತ್ರ ತಡ್ಕೋಬೇಕು.