ಬಾಗಿಲು ತೆರೆಯುತ್ತದೆ, ಮುಚ್ಚುವುದಿಲ್ಲ ಅಂದರೆ ಮೊದಲು ಕೆಳಗೆ ನೋಡಿ

ಅಕ್ಕಾ, ಮೊದಲು ಭಾವನಿಗೆ ಏಣಿಯಿಂದ ಇಳಿಯಲು ಹೇಳು. ಮೋಟಾರ್ ಬಿಚ್ಚುವ ಕೆಲಸ ಈಗ ಬೇಡ. ನಿನ್ನ ಮೆಸೇಜ್ ಎರಡು ಸಲ ಓದಿದೆ. ಗ್ಯಾರೇಜ್ ಬಾಗಿಲು ಸರಿಯಾಗಿ ತೆರೆಯುತ್ತದೆ, ಮುಚ್ಚಲು ಹೋದರೆ ಒಂದಡಿ ಇಳಿದು ಮತ್ತೆ ಮೇಲೆ ಹೋಗುತ್ತದೆ, ಮೋಟಾರಿನ ಲೈಟು ಮಿಟುಕುತ್ತದೆ, ಎರಡು ದಿನದಿಂದ ಹೀಗೆ. ಇಷ್ಟೇ ತಾನೇ? ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ ಅಂತ ಬಾಯಲ್ಲೇ ಹೇಳುತ್ತಿದ್ದೇನೆ, ಉದ್ದ ಆದರೆ ಬೈಯಬೇಡ.

ಮೋಟಾರ್ ಕೆಟ್ಟಿರುವ ಸಾಧ್ಯತೆ ತುಂಬಾ ಕಡಿಮೆ. ಎತ್ತುವುದೂ ಅದೇ ಮೋಟಾರ್, ಇಳಿಸುವುದೂ ಅದೇ. ಅಷ್ಟು ದೊಡ್ಡ ಬಾಗಿಲನ್ನು ಮೇಲಕ್ಕೆ ಎತ್ತುತ್ತದೆ, ಕೆಳಗಿಳಿಸಲು ಮಾತ್ರ ಆಗುವುದಿಲ್ಲ ಅಂದರೆ ನಂಬಬೇಕಾ? ಚಿಕ್ಕಪ್ಪ ರಿಮೋಟಿನ ಬ್ಯಾಟರಿ ಬದಲಿಸು ಅಂದರು. ಚಿಕ್ಕಪ್ಪಾ, ಬಾಗಿಲು ಒಂದಡಿ ಇಳಿಯುತ್ತದೆ ಅಲ್ವಾ, ಅಂದರೆ ರಿಮೋಟ್ ಹೇಳಿದ ಮಾತು ಅದಕ್ಕೆ ಕೇಳಿಸಿದೆ. ಬ್ಯಾಟರಿ ಹೋಗಿದ್ದರೆ ಜಾಗದಿಂದ ಅಲ್ಲಾಡುತ್ತಲೇ ಇರಲಿಲ್ಲ.

ಇಲ್ಲಿ ಆಗುತ್ತಿರುವುದು ಬೇರೆ. ಬಾಗಿಲಿಗೆ ತನ್ನ ಕೆಳಗೆ ಯಾರೋ ಇದ್ದಾರೆ ಅನ್ನಿಸುತ್ತಿದೆ. ಬಾಗಿಲ ಎರಡೂ ಪಕ್ಕ, ನೆಲದಿಂದ ಒಂದು ಗೇಣು ಕೂಡ ಇಲ್ಲ, 15 ಸೆಂಟಿಮೀಟರಿನ ಒಳಗೆ, ಬೆಂಕಿಪೊಟ್ಟಣದಂಥ ಎರಡು ಚಿಕ್ಕ ಡಬ್ಬಿಗಳಿರುತ್ತವೆ. ಒಂದಕ್ಕೊಂದು ಮುಖ ಮಾಡಿ ಕೂತಿರುತ್ತವೆ. ಅವೇ ಸೆನ್ಸರ್. ಒಂದು ಕಣ್ಣಿಗೆ ಕಾಣದ ಬೆಳಕು ಕಳಿಸುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಆ ಬೆಳಕು ಕಡಿದರೆ ಬಾಗಿಲು ಇಳಿಯುವುದಿಲ್ಲ, ಇಳಿಯುತ್ತಿದ್ದರೆ ವಾಪಸ್ ಹೋಗುತ್ತದೆ. ಮೇಲೆ ಏಳುವಾಗ ಯಾರಿಗೂ ಅಪಾಯ ಇಲ್ಲ ನೋಡು, ಅದಕ್ಕೆ ತೆರೆಯುವಾಗ ಸೆನ್ಸರ್ ತಲೆಹಾಕುವುದೇ ಇಲ್ಲ. ತೆರೆಯುತ್ತದೆ ಆದರೆ ಮುಚ್ಚುವುದಿಲ್ಲ ಅಂದ ತಕ್ಷಣ ನಾನು ಅಲ್ಲಿಗೇ ಕೈ ತೋರಿಸುವುದು ಇದೇ ಕಾರಣಕ್ಕೆ. ಲೈಟು ಮಿಟುಕುವುದೂ ಬಹಳಷ್ಟು ಮೋಟಾರುಗಳಲ್ಲಿ ಅದನ್ನೇ ಹೇಳುವ ಭಾಷೆ.

ಈಗ ಮಾಡಬೇಕಾದ್ದು, ಮೊಣಕಾಲೂರಿ ಕೂತು ಎರಡೂ ಡಬ್ಬಿಗಳ ಪುಟ್ಟ ದೀಪ ನೋಡುವುದು. ಬಣ್ಣದ ಲೆಕ್ಕ ಬಿಡು, ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಎರಡೂ ಅಲುಗದೆ ಉರಿಯುತ್ತಿವೆಯಾ ಅನ್ನುವುದಷ್ಟೇ ಮುಖ್ಯ. ಕಳಿಸುವ ಡಬ್ಬಿಯ ದೀಪ ಕರೆಂಟ್ ಇದ್ದರೆ ಸಾಕು ಉರಿಯುತ್ತದೆ. ಹಿಡಿಯುವ ಡಬ್ಬಿಯದು ಬೆಳಕು ನೇರವಾಗಿ ಬಂದು ತಾಗಿದರೆ ಮಾತ್ರ. ಒಂದು ಉರಿದು ಇನ್ನೊಂದು ಆರಿದ್ದರೆ, ಇಲ್ಲಾ ನಡುಗುತ್ತಿದ್ದರೆ, ಕಳ್ಳ ಸಿಕ್ಕ ಅಂತ ಲೆಕ್ಕ. ಎರಡೂ ಆರಿದ್ದರೆ ತಂತಿ ನೋಡಬೇಕು. ಗೋಡೆಗೆ ಪಿನ್ ಹೊಡೆಯುವಾಗ ತಂತಿ ಚುಚ್ಚಿರುತ್ತದೆ, ಇಲಿ ಕಡಿದಿರುತ್ತದೆ.

ಸಾಮಾನ್ಯವಾಗಿ ಇಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಪೊರಕೆಯ ಹಿಡಿ, ಸೈಕಲಿನ ಚಕ್ರ, ಜೇಡರ ಬಲೆ, ಗಾಜಿನ ಮೇಲೆ ಕೂತ ಧೂಳು, ಇದರಲ್ಲೇ ಏನೋ ಒಂದು ಇರುತ್ತದೆ. ಒಣ ಬಟ್ಟೆಯಿಂದ ಮೆಲ್ಲಗೆ ಒರೆಸು. ಆಗಲೂ ದೀಪ ಬರಲಿಲ್ಲ ಅಂದರೆ ಡಬ್ಬಿ ಓರೆಯಾಗಿದೆ. ಕಸದ ಡಬ್ಬ ಎಳೆಯುವಾಗ ತಾಗಿರುತ್ತದೆ, ನಿನ್ನ ಮಗನ ಚೆಂಡೂ ಆಗಿರಬಹುದು, ಕೇಳಿ ನೋಡು, ಒಪ್ಪಿಕೊಳ್ಳುವುದಿಲ್ಲ. ಹಿಂದಿನ ನಟ್ಟು ಸ್ವಲ್ಪ ಸಡಿಲ ಮಾಡಿ ಡಬ್ಬಿಯನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತಾ ಹೋಗು, ದೀಪ ಗಟ್ಟಿಯಾಗಿ ನಿಂತ ಕಡೆ ನಟ್ಟು ಬಿಗಿ ಮಾಡು. ಎತ್ತರ ಒಂದೇ ಇದೆಯಾ ಅನ್ನುವ ಅನುಮಾನ ಬಂದರೆ ಎರಡರ ನಡುವೆ ಒಂದು ದಾರ ಎಳೆದು ಹಿಡಿ.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ, ನಗಬೇಡಿ. ಬೆಳಿಗ್ಗೆ ಬಾಗಿಲು ಚೆನ್ನಾಗಿ ಮುಚ್ಚುತ್ತಿತ್ತು. ಸಂಜೆ ಮಾತ್ರ ರಂಪ. ನಾನೂ ಭಾವನ ಹಾಗೆಯೇ ಏಣಿ ಹತ್ತಿ ಮೋಟಾರಿನ ಸ್ಕ್ರೂ ತಿರುಗಿಸಿದ್ದು ತಿರುಗಿಸಿದ್ದೇ. ಕೆಳಗೆ ಬಂದು ಸೆನ್ಸರ್ ಮುಂದೆ ಬಗ್ಗಿ ನೋಡಿದರೆ ದೀಪ ಚೆನ್ನಾಗಿ ಉರಿಯುತ್ತದೆ. ಎದ್ದು ಹೋಗಿ ಬಟನ್ ಒತ್ತಿದರೆ ಬಾಗಿಲು ವಾಪಸ್. ಮತ್ತೆ ಬಂದು ಬಗ್ಗಿದರೆ ದೀಪ ಸರಿ ಇದೆ! ನನ್ನ ತಲೆಯೇ ಕೆಟ್ಟಿದೆಯೇನೋ ಅಂದುಕೊಂಡೆ. ನಾಲ್ಕನೇ ದಿನ ಹೊಳೆಯಿತು. ಇಳಿಬಿಸಿಲು ನೇರವಾಗಿ ಹಿಡಿಯುವ ಡಬ್ಬಿಯ ಕಣ್ಣಿಗೆ ಬೀಳುತ್ತಿತ್ತು, ಅದರಲ್ಲಿ ಎದುರಿನಿಂದ ಬರುವ ಬೆಳಕು ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ನಾನು ನೋಡಲು ಬಗ್ಗಿದಾಗಲೆಲ್ಲ ನನ್ನ ನೆರಳು ಅದರ ಮೇಲೆ ಬಿದ್ದು ಸರಿಹೋಗುತ್ತಿತ್ತು. ಒಂದು ರಟ್ಟಿನ ಕೊಳವೆ ಕತ್ತರಿಸಿ ಕಣ್ಣಿನ ಸುತ್ತ ಮರೆ ಮಾಡಿದೆ, ನಿಂತಿತು. ಆಮೇಲೆ ಎರಡು ಡಬ್ಬಿಗಳನ್ನು ಅದಲುಬದಲು ಮಾಡಿ ಹಿಡಿಯುವುದನ್ನು ನೆರಳಿರುವ ಕಡೆಗೆ ಹಾಕಿದ್ದೇನೆ. ಅಕ್ಕಾ, ನಿನ್ನದು ಹೊತ್ತು ನೋಡಿ ಕೈಕೊಡುತ್ತದಾ, ಇಡೀ ದಿನವಾ? ಅದನ್ನು ನೀನು ಬರೆದೇ ಇಲ್ಲ.

ಇವತ್ತು ರಾತ್ರಿ ಬಾಗಿಲು ಹೇಗಾದರೂ ಮುಚ್ಚಲೇಬೇಕು ಅಂದೆಯಲ್ಲ, ಅದಕ್ಕೆ ದಾರಿ ಇದೆ. ರಿಮೋಟ್ ಬಿಟ್ಟು ಗೋಡೆಯ ಬಟನ್ ಒತ್ತಿ ಹಿಡಿದುಕೋ, ಬಾಗಿಲು ನೆಲ ಮುಟ್ಟುವವರೆಗೂ ಬೆರಳು ತೆಗೆಯಬೇಡ. ಬಹಳಷ್ಟು ಮೋಟಾರುಗಳು ಆಗ ಸೆನ್ಸರ್ ಮಾತು ಕೇಳದೆ ಇಳಿಸುತ್ತವೆ. ಹಾಗೆ ಮುಚ್ಚಿದರೆ ತಪ್ಪು ಸೆನ್ಸರಿನದೇ ಅನ್ನುವುದೂ ಗೊತ್ತಾಯಿತು. ಆದರೆ ಆ ಹೊತ್ತಿನಲ್ಲಿ ಕಾಯುವ ಕಣ್ಣು ನಿನ್ನದೊಂದೇ. ಮಕ್ಕಳನ್ನು ಒಳಗೆ ಕಳಿಸಿ ಮಾಡು, ಬೇರೆ ಕಡೆ ನೋಡಬೇಡ.

ಇನ್ನು ಗುಂಪಿನಲ್ಲಿ ಒಬ್ಬರು ಬುದ್ಧಿವಂತಿಕೆ ಹೇಳಿದ್ದಾರೆ, ಎರಡೂ ಡಬ್ಬಿ ಕಿತ್ತು ಮೋಟಾರಿನ ಪಕ್ಕದಲ್ಲೇ ಎದುರುಬದುರು ಕಟ್ಟಿಬಿಡು, ರಗಳೆಯೇ ಇಲ್ಲ ಅಂತ. ದಯವಿಟ್ಟು ಮಾಡಬೇಡಿ. ಬಾಗಿಲಿನ ಅಡಿ ಸಿಕ್ಕಿ ಮಕ್ಕಳು ಸತ್ತ ಮೇಲೆಯೇ ಅಮೆರಿಕದಲ್ಲಿ 1993ರಿಂದ ತಯಾರಾಗುವ ಮನೆಬಳಕೆಯ ಯಂತ್ರಗಳಿಗೆ ಇಂಥ ಕಾವಲು ಕಡ್ಡಾಯ ಮಾಡಿದ್ದು. ಸುಮ್ನೆ ಇಟ್ಟ ಅಲಂಕಾರ ಅಲ್ಲ ಅದು.

ಕಳೆದ ತಿಂಗಳು ಅತ್ತಿಗೆ ಕೇಳಿದ್ದು ಬೇರೆ ತೊಂದರೆ. ಬಾಗಿಲು ನೆಲ ಮುಟ್ಟಿ ಆಮೇಲೆ ಏಳುವುದು. ಅಲ್ಲಿ ಸೆನ್ಸರ್ ಸರಿ ಇರುತ್ತದೆ. ಎಷ್ಟು ಇಳಿಯಬೇಕು ಅನ್ನುವ ಅಳತೆ ಜಾಸ್ತಿ ಆಗಿರುತ್ತದೆ. ನೆಲ ಸಿಕ್ಕಮೇಲೂ ಮೋಟಾರ್ ಒತ್ತುತ್ತದೆ, ನೆಲವನ್ನೇ ಅಡ್ಡಿ ಅಂದುಕೊಂಡು ಹಿಂದೆ ಸರಿಯುತ್ತದೆ. ಕೆಳಗಿನ ರಬ್ಬರಿನ ಅಡಿ ಕಲ್ಲು ಇದೆಯಾ ನೋಡಿ, ಇಲ್ಲದಿದ್ದರೆ ಆ ಅಳತೆಯನ್ನು ಚೂರೇ ಚೂರು ಕಡಿಮೆ ಮಾಡಿ. ಒತ್ತುವ ಬಲವನ್ನು ಮಾತ್ರ ಏರಿಸಲು ಹೋಗಬೇಡಿ. ಏನೇ ಬದಲಿಸಿದರೂ ಸುಮಾರು 4 ಸೆಂಟಿಮೀಟರ್ ದಪ್ಪದ ಮರದ ಹಲಗೆಯನ್ನು ಬಾಗಿಲಿನ ಕೆಳಗೆ ಅಡ್ಡಲಾಗಿ ಮಲಗಿಸಿ ಮುಚ್ಚಿ ನೋಡಬೇಕು. ಹಲಗೆ ತಾಗಿದ ಕೂಡಲೇ ಬಾಗಿಲು ವಾಪಸ್ ಹೋಗಬೇಕು. ಹೋಗಲಿಲ್ಲ ಅಂದರೆ ಅದನ್ನು ಬಳಸುವುದು ನಿಲ್ಲಿಸಿ.

ಭಾವಾ, ನಿಮಗೆ ಒಂದು ಮಾತು. ಬಾಗಿಲಿನ ಮೇಲಿರುವ ದಪ್ಪ ಸ್ಪ್ರಿಂಗಿಗೆ, ಅದರ ಬೋಲ್ಟಿಗೆ ಸ್ಪ್ಯಾನರ್ ತಾಗಿಸಬೇಡಿ. ಇಡೀ ಬಾಗಿಲಿನ ಭಾರ ಅದರ ಬಿಗಿಯಲ್ಲೇ ಇದೆ, ಜಾರಿದರೆ ಕೈ ಮುರಿಯುತ್ತದೆ. ಬಾಗಿಲನ್ನು ಮೋಟಾರಿನಿಂದ ಬಿಡಿಸಲು ನೇತಾಡುವ ಆ ಕೆಂಪು ಹಿಡಿಯ ಹಗ್ಗವನ್ನೂ ಬಾಗಿಲು ಮೇಲಿರುವಾಗ ಎಳೆಯಬೇಡಿ. ಸ್ಪ್ರಿಂಗ್ ಸೋತಿದ್ದರೆ ಬಾಗಿಲು ಧಡ್ ಅಂತ ಬೀಳುತ್ತದೆ. ಎಳೆಯಲೇಬೇಕಾದರೆ ಪೂರ್ತಿ ಮುಚ್ಚಿದ ಮೇಲೆ.

ಸರಿ ಅಕ್ಕಾ, ಈಗಲೇ ಹೋಗಿ ಎರಡೂ ದೀಪದ ಫೋಟೋ ತೆಗೆದು ಇಲ್ಲೇ ಹಾಕು. ದೂರದಿಂದ ತೆಗಿ, ನಿನ್ನ ನೆರಳು ಅದರ ಮೇಲೆ ಬೀಳದ ಹಾಗೆ.